ದನಿಗೆ ಹೆಸರು ಹೇಳುವ ಯಂತ್ರ



ಕೆಲವು ವರ್ಷಗಳ ಹಿಂದೆ ನಾನು ನಿರ್ಮಿಸಿದ ಒಂದು ಕಾರ್ಯಕ್ರಮದಲ್ಲಿ ಮಲೆನಾಡಿನ ಡಿಸೆಂಬರ್ ಮುಂಜಾವಿನ ದೃಶ್ಯವಿತ್ತು. ಮಂಜು ಮುಸುಕಿದ ತೋಟ, ಅಂಗಳದಲ್ಲಿ ಒಣಹಾಕಿದ ಅಡಿಕೆ. ಚಿತ್ರ ಚೆನ್ನಾಗಿ ಬಂದಿತ್ತು. ಧ್ವನಿ ಮಾತ್ರ ಗಾಳಿಯ ಹೊಡೆತಕ್ಕೆ ಸಿಕ್ಕಿ ಹಾಳಾಗಿತ್ತು. ಪ್ರಸಾರದ ದಿನ ಹತ್ತಿರ ಬಂದಿದ್ದರಿಂದ ಸಂಗ್ರಹದಲ್ಲಿದ್ದ ಕೋಗಿಲೆಯ ಕೂಗೊಂದನ್ನು ತೆಗೆದು ಆ ದೃಶ್ಯಕ್ಕೆ ಜೋಡಿಸಿದೆ. ಬೆಳಗಿನ ದೃಶ್ಯ, ಹಕ್ಕಿಯ ದನಿ, ಯಾರು ಕೇಳುತ್ತಾರೆ ಎಂದುಕೊಂಡೆ.

ಕೇಳಿದವರೊಬ್ಬರಿದ್ದರು. ವಾರದೊಳಗೆ ಹಳ್ಳಿಯ ಶಾಲೆಯ ಶಿಕ್ಷಕಿಯೊಬ್ಬರಿಂದ ಅಂಚೆ ಕಾರ್ಡು ಬಂತು. “ಕಾರ್ಯಕ್ರಮ ಚೆನ್ನಾಗಿತ್ತು. ಆದರೆ ನಮ್ಮ ಕಡೆ ಡಿಸೆಂಬರಿನಲ್ಲಿ ಕೋಗಿಲೆ ಹೀಗೆ ಕೂಗುವುದಿಲ್ಲ. ಅದು ಬೇಸಿಗೆಯ ದನಿ” ಎಂದು ಅವರು ಬರೆದಿದ್ದರು. ವಿಜ್ಞಾನದ ಪದವಿ ಪಡೆದ ನನಗೆ ಆ ಕಾರ್ಡು ನಾಚಿಕೆಯನ್ನೂ ಕುತೂಹಲವನ್ನೂ ಒಟ್ಟಿಗೆ ತಂದಿತು. ಟೆಲಿವಿಷನ್ ಪೆಟ್ಟಿಗೆಯಿಂದ ಬಂದ ಕೆಲವೇ ಸೆಕೆಂಡುಗಳ ದನಿಯಿಂದ ಆಕೆ ಹಕ್ಕಿಯ ಜಾತಿಯನ್ನು ಗುರುತಿಸಿದ್ದರು, ಋತುವನ್ನು ಗುರುತಿಸಿದ್ದರು, ನನ್ನ ತಪ್ಪನ್ನೂ ಹಿಡಿದಿದ್ದರು.

ಈ ಕೆಲಸವನ್ನು ಒಂದು ಯಂತ್ರ ಮಾಡಬಲ್ಲುದೆ? ಮರಕ್ಕೆ ಕಟ್ಟಿದ ಧ್ವನಿಮುದ್ರಕವೊಂದು ತಿಂಗಳಾನುಗಟ್ಟಲೆ ಕಾಡಿನ ಸದ್ದನ್ನೆಲ್ಲ ಕೇಳಿಸಿಕೊಂಡು, ಇಂಥ ದಿನ ಇಂಥ ಹೊತ್ತಿನಲ್ಲಿ ಇಂಥ ಪ್ರಾಣಿ ಕೂಗಿತು ಎಂದು ತಾನೇ ಪಟ್ಟಿ ಬರೆದು ಕೊಡಬಲ್ಲುದೆ? ಇಂದು ಇದು ಬಹುಮಟ್ಟಿಗೆ ಸಾಧ್ಯವಾಗಿದೆ. ಅದು ಸಾಧ್ಯವಾದ ಬಗೆಯನ್ನು ತಿಳಿಯಲು ನೀವು ನನ್ನೊಡನೆ ನೂರಮೂವತ್ತಕ್ಕೂ ಹೆಚ್ಚು ವರ್ಷ ಹಿಂದಕ್ಕೆ ಬರಬೇಕು. ದಾರಿಯಲ್ಲಿ ಒಂದು ಪ್ರಶ್ನೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ: ಯಂತ್ರ ಹೇಳುವ ಹೆಸರು ಯಂತ್ರಕ್ಕೆ ಎಲ್ಲಿಂದ ಬಂತು?

ಮೇಣದ ಮೇಲೆ ಮೂಡಿದ ಹಾಡು

ಥಾಮಸ್ ಆಲ್ವಾ ಎಡಿಸನ್ ಫೋನೋಗ್ರಾಫನ್ನು ಕಂಡುಹಿಡಿದದ್ದು 1877ರಲ್ಲಿ. ಅದಾದ ಹನ್ನೆರಡು ವರ್ಷಗಳಿಗೆ, 1889ರಲ್ಲಿ, ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಲುಡ್ವಿಗ್ ಕಾಖ್ ಎಂಬ ಎಂಟು ವರ್ಷದ ಹುಡುಗ ತಂದೆ ತಂದುಕೊಟ್ಟ ಫೋನೋಗ್ರಾಫನ್ನು ತನ್ನ ಸಾಕು ಹಕ್ಕಿಯ ಮುಂದಿಟ್ಟ. ಹಕ್ಕಿ ಹಾಡಿತು, ಮೇಣದ ಉರುಳೆಯ ಮೇಲೆ ಗೀರು ಬಿತ್ತು. ಹಕ್ಕಿಯ ಹಾಡಿನ ಮುದ್ರಣಗಳಲ್ಲಿ ನಮಗೆ ತಿಳಿದಿರುವ ಅತ್ಯಂತ ಹಳೆಯದು ಇದೇ. ಆ ಹಕ್ಕಿ ಯಾವುದು ಗೊತ್ತೆ? ಅದು ಯೂರೋಪಿನ ಹಕ್ಕಿಯಲ್ಲ, ಭಾರತದ ಶಾಮ. ನಮ್ಮ ಹಿತ್ತಿಲಿನ ಮಡಿವಾಳ ಹಕ್ಕಿಯ ಹತ್ತಿರದ ನೆಂಟ. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಇಂದಿಗೂ ಹಾಡುತ್ತದೆ. ಕಾಖ್ ದೊಡ್ಡವನಾಗಿ, ನಾಜಿಗಳ ಆಳ್ವಿಕೆಯಲ್ಲಿ ದೇಶ ಬಿಟ್ಟು 1936ರಲ್ಲಿ ಇಂಗ್ಲೆಂಡಿಗೆ ಬಂದು, ಬಿ.ಬಿ.ಸಿ. ಮೂಲಕ ಹಕ್ಕಿಗಳ ದನಿಯನ್ನು ಮನೆಮನೆಗೆ ಮುಟ್ಟಿಸಿದ.

ಪಂಜರದ ಹಕ್ಕಿಯನ್ನು ಮುದ್ರಿಸುವುದು ಸುಲಭ; ಕಾಡಿನ ಹಕ್ಕಿಯನ್ನು ಮುದ್ರಿಸುವುದು ಕಷ್ಟ. ಈ ಕೆಲಸಕ್ಕೆ ನೆರವಾದದ್ದು ಸಿನಿಮಾ. ಮೂಕಿ ಚಿತ್ರಗಳು ಟಾಕಿಯಾಗುತ್ತಿದ್ದ ಕಾಲದಲ್ಲಿ, 1929ರ ಮೇ ತಿಂಗಳಲ್ಲಿ, ಅಮೆರಿಕಾದ ಕಾರ್ನೆಲ್ ವಿಶ್ವವಿದ್ಯಾನಿಲಯದ ಆರ್ಥರ್ ಆಲನ್ ಮತ್ತು ಪೀಟರ್ ಪಾಲ್ ಕೆಲಾಗ್ ಚಲನಚಿತ್ರದ ಧ್ವನಿ ಉಪಕರಣವನ್ನು ಇಥಾಕಾ ಪಟ್ಟಣದ ಉದ್ಯಾನಕ್ಕೆ ಒಯ್ದು ಮೂರು ಜಾತಿಯ ಕಾಡು ಹಕ್ಕಿಗಳ ಹಾಡನ್ನು ಫಿಲ್ಮಿನ ಮೇಲೆ ಹಿಡಿದರು. ಮುಂದೆ ಅವರ ಬಳಗದವರು ಮೈಕಿನ ಹಿಂದೆ ದೊಡ್ಡ ಬೋಗುಣಿಯಂತಹ ಪರವಲಯ ಪ್ರತಿಫಲಕವನ್ನು ಇಟ್ಟು ದೂರದ ದನಿಯನ್ನು ಒಂದೆಡೆ ಕೂಡಿಸುವ ಉಪಾಯ ಕಂಡುಕೊಂಡರು. ಕನ್ನಡಿ ಬೆಳಕನ್ನು ಕೂಡಿಸುವಂತೆಯೇ ಇದು. ನೀವು ಭೌತಶಾಸ್ತ್ರದಲ್ಲಿ ಓದಿದ ಪ್ರತಿಫಲನದ ನಿಯಮವೇ ಇಲ್ಲಿಯೂ ಕೆಲಸ ಮಾಡುತ್ತದೆ.

1935ರಲ್ಲಿ ಅದೇ ತಂಡ ಲೂಸಿಯಾನಾ ರಾಜ್ಯದ ಜೌಗು ಕಾಡಿಗೆ ಹೋಯಿತು. ದಂತದ ಬಣ್ಣದ ಕೊಕ್ಕುಳ್ಳ, ಕಾಗೆಗಿಂತ ದೊಡ್ಡದಾದ ಒಂದು ಮರಕುಟಿಗ ಅಲ್ಲಿ ಉಳಿದಿದೆ ಎಂದು ಸುದ್ದಿಯಿತ್ತು. ಟ್ರಕ್ಕು ಕೆಸರಿನಲ್ಲಿ ಮುಂದೆ ಹೋಗಲಾರದೆ, ಯಂತ್ರಗಳನ್ನೆಲ್ಲ ಹೇಸರಗತ್ತೆಗಳು ಎಳೆಯುವ ಗಾಡಿಗೆ ಹೇರಿಕೊಂಡು ಅವರು ಗೂಡಿನ ಬಳಿ ತಲುಪಿದರು. ಮಕ್ಕಳ ತಗಡಿನ ತುತ್ತೂರಿಯಂತಹ ಅದರ ಕೂಗನ್ನು ಮುದ್ರಿಸಿಕೊಂಡರು. ಈ ಮುದ್ರಣವನ್ನು ನೆನಪಿನಲ್ಲಿಡಿ. ಎಪ್ಪತ್ತು ವರ್ಷಗಳ ನಂತರ ಅದನ್ನು ಮತ್ತೆ ಕೇಳಬೇಕಾಗುತ್ತದೆ.

ಕಣ್ಣಿಗೆ ಕಾಣುವ ಧ್ವನಿ

ಮುದ್ರಣವೇನೋ ಆಯಿತು. ಆದರೆ ಎರಡು ದನಿಗಳನ್ನು ಹೋಲಿಸುವುದು ಹೇಗೆ? ಪುಸ್ತಕಗಳಲ್ಲಿ ಹಕ್ಕಿಯ ಕೂಗನ್ನು ‘ಟ್ವೀ ಟ್ವೀ’ ‘ಚಕ್ ಚಕ್’ ಎಂದು ಅಕ್ಷರಗಳಲ್ಲಿ ಬರೆಯುತ್ತಿದ್ದರು. ನನ್ನ ‘ಟ್ವೀ’ ನಿಮಗೆ ‘ಚ್ವೀ’ ಎಂದು ಕೇಳಿಸಬಹುದು. ಅಳತೆ ಇಲ್ಲದೆ ವಿಜ್ಞಾನವಿಲ್ಲ.

ಅಳತೆಯ ಉಪಕರಣ ಬಂದದ್ದು ಹಕ್ಕಿಗಳಿಗಾಗಿ ಅಲ್ಲ, ಮನುಷ್ಯರ ಮಾತಿಗಾಗಿ. 1940ರ ದಶಕದಲ್ಲಿ ಅಮೆರಿಕಾದ ಬೆಲ್ ಪ್ರಯೋಗಾಲಯದಲ್ಲಿ ರಾಲ್ಫ್ ಪಾಟರ್ ಮತ್ತು ಸಂಗಡಿಗರು ಮಾತನ್ನು ಚಿತ್ರವಾಗಿ ಬಿಡಿಸುವ ಯಂತ್ರವೊಂದನ್ನು ರೂಪಿಸಿದರು. ಕಿವುಡರು ಮಾತನ್ನು ಕಣ್ಣಿನಿಂದ ಓದಬಹುದು ಎಂಬುದು ಅವರ ಆಸೆಗಳಲ್ಲಿ ಒಂದು. ಯುದ್ಧ ಮುಗಿದ ಮೇಲೆ ಈ ಯಂತ್ರ ‘ಸೋನಾಗ್ರಾಫ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ತಿರುಗುವ ಡ್ರಮ್ಮಿಗೆ ಸುತ್ತಿದ ಕಾಗದದ ಮೇಲೆ ಮೊನೆಯೊಂದು ಸುಟ್ಟ ಗೆರೆಗಳನ್ನು ಎಳೆಯುತ್ತಿತ್ತು. ಒಂದು ಸಲಕ್ಕೆ ಕೇವಲ 2.4 ಸೆಕೆಂಡಿನ ಧ್ವನಿ. ಅಷ್ಟಕ್ಕೆ ಹಲವು ನಿಮಿಷ ಕಾಯಬೇಕಿತ್ತು.

ಈ ಧ್ವನಿಚಿತ್ರವನ್ನು ಓದುವುದು ಕಷ್ಟವಲ್ಲ. ಎಡದಿಂದ ಬಲಕ್ಕೆ ಕಾಲ. ಕೆಳಗಿನಿಂದ ಮೇಲಕ್ಕೆ ಆವೃತ್ತಿ, ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ. ತಗ್ಗು ಸ್ವರ ಕೆಳಗೆ, ಏರು ಸ್ವರ ಮೇಲೆ. ದನಿ ಜೋರಾದಷ್ಟೂ ಮಸಿ ಕಪ್ಪು. ಕೋಗಿಲೆಯ ‘ಕುಹೂ’ ಇಲ್ಲಿ ಮೇಲಕ್ಕೆ ಏರುವ ಗೆರೆ. ಕೀಟದ ಎಡೆಬಿಡದ ಜೀರು ದನಿ ಮೇಲ್ಭಾಗದಲ್ಲಿ ಅಡ್ಡಡ್ಡ ಎಳೆದ ಪಟ್ಟಿ. ಗಾಳಿ ತಳದಲ್ಲಿ ಬಳಿದ ಮಸಿಯಂತೆ ಕಾಣುತ್ತದೆ. ಸಂಗೀತ ಬಲ್ಲವರು ಸ್ವರಲಿಪಿಯನ್ನು ನೋಡಿ ಹಾಡನ್ನು ಊಹಿಸುವಂತೆ, ಅಭ್ಯಾಸವಾದವರು ಈ ಚಿತ್ರವನ್ನು ನೋಡಿ ಹಕ್ಕಿಯನ್ನು ಹೇಳಬಲ್ಲರು.

1950ರ ದಶಕದಲ್ಲಿ ಕೇಂಬ್ರಿಜ್‌ನ ವಿಲಿಯಂ ಥಾರ್ಪ್ ಈ ಯಂತ್ರವನ್ನು ಚಾಫಿಂಚ್ ಎಂಬ ಪುಟ್ಟ ಹಕ್ಕಿಯ ಅಧ್ಯಯನಕ್ಕೆ ಬಳಸಿದರು. ತನ್ನವರ ಹಾಡನ್ನು ಎಂದೂ ಕೇಳದಂತೆ ಬೆಳೆಸಿದ ಮರಿ ದೊಡ್ಡದಾದ ಮೇಲೆ ಹಾಡಿತು. ಆದರೆ ಅದು ತೊದಲು ಹಾಡು. ಧ್ವನಿಚಿತ್ರದಲ್ಲಿ ವ್ಯತ್ಯಾಸ ಎದ್ದು ಕಾಣುತ್ತಿತ್ತು. ಚಾಫಿಂಚ್ ತನ್ನ ಹಾಡನ್ನು ಹಿರಿಯರಿಂದ ಕಲಿಯುತ್ತದೆ ಎಂಬುದು ಹೀಗೆ ಸ್ಥಿರಪಟ್ಟಿತು. ಇದು ನಮ್ಮ ಕಥೆಗೆ ಒಂದು ತೊಡಕನ್ನೂ ತಂದಿತು. ಹಾಡನ್ನು ಕಲಿಯುವ ಹಕ್ಕಿಗಳಲ್ಲಿ ಊರಿಂದೂರಿಗೆ ‘ಉಪಭಾಷೆ’ಗಳು ಹುಟ್ಟುತ್ತವೆ. ಒಂದೇ ಜಾತಿ, ಹಲವು ಬಗೆಯ ಹಾಡು. ಮನುಷ್ಯ ಇದನ್ನು ಹೇಗೋ ಸಂಭಾಳಿಸುತ್ತಾನೆ; ಯಂತ್ರಕ್ಕೆ ಹೇಳಿಕೊಡುವುದು ಹೇಗೆ?

ಗಣಕಯಂತ್ರದ ಮೊದಲ ಪಾಠಗಳು

1965ರಲ್ಲಿ ಜೇಮ್ಸ್ ಕೂಲಿ ಮತ್ತು ಜಾನ್ ಟ್ಯೂಕಿ ಎಂಬ ಗಣಿತಜ್ಞರು ಒಂದು ಲೆಕ್ಕದ ಕ್ರಮವನ್ನು ಪ್ರಕಟಿಸಿದರು. ಬೆರೆತುಹೋದ ಧ್ವನಿಯಲ್ಲಿ ಯಾವ ಯಾವ ಆವೃತ್ತಿಗಳು ಎಷ್ಟೆಷ್ಟಿವೆ ಎಂದು ಬಿಡಿಸುವ ಫೂರಿಯೆ ಗಣಿತ ಹಿಂದೆಯೂ ಇತ್ತು. ಇವರ ಕ್ರಮ ಅದನ್ನು ಗಣಕಯಂತ್ರ ಬಹುಬೇಗ ಮಾಡುವಂತೆ ಮಾಡಿತು. ಸುಡುವ ಕಾಗದದ ಕೆಲಸ ಅಂಕಿಗಳ ಕೆಲಸವಾಯಿತು. ಧ್ವನಿಚಿತ್ರವೇ ಅಂಕಿಗಳ ಪಟ್ಟಿಯಾದ ಮೇಲೆ, ಒಂದು ಪಟ್ಟಿಯನ್ನು ಇನ್ನೊಂದರೊಡನೆ ಹೋಲಿಸುವಂತೆ ಯಂತ್ರಕ್ಕೆ ಆಜ್ಞೆ ಕೊಡಬಹುದಾಯಿತು.

ಮೊದಲ ಉಪಾಯ ಸರಳವಾದದ್ದು: ಗೊತ್ತಿರುವ ದನಿಯ ಒಂದು ಅಚ್ಚನ್ನು ಇಟ್ಟುಕೊಂಡು, ಗೊತ್ತಿಲ್ಲದ ದನಿಯ ಮೇಲೆ ಇಟ್ಟು ನೋಡುವುದು. ಆದರೆ ಹಕ್ಕಿ ಒಮ್ಮೆ ನಿಧಾನವಾಗಿ, ಒಮ್ಮೆ ಅವಸರದಲ್ಲಿ ಹಾಡುತ್ತದೆ. ಒಂದೇ ಕೀರ್ತನೆಯನ್ನು ಇಬ್ಬರು ಗಾಯಕರು ಬೇರೆ ಬೇರೆ ಕಾಲದಲ್ಲಿ ಹಾಡಿದಂತೆ. ಅಚ್ಚನ್ನು ಅಲ್ಲಲ್ಲಿ ಎಳೆದು, ಅಲ್ಲಲ್ಲಿ ಕುಗ್ಗಿಸಿ ಹೊಂದಿಸುವ ಗಣಿತ ಮನುಷ್ಯರ ಮಾತನ್ನು ಗುರುತಿಸುವ ಸಂಶೋಧನೆಯಲ್ಲಿ ಆಗಲೇ ಬಳಕೆಯಲ್ಲಿತ್ತು. 1996ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದ ಸಂಶೋಧಕರು ಇದನ್ನೇ ಹಕ್ಕಿಗಳಿಗೆ ಅನ್ವಯಿಸಿ, ನಿರಂತರ ಮುದ್ರಣದಿಂದ ಹಾಡಿನ ತುಣುಕುಗಳನ್ನು ಯಂತ್ರವೇ ಆರಿಸುವಂತೆ ಮಾಡಿದರು. ಅದು ಪ್ರಯೋಗಾಲಯದಲ್ಲಿ, ಎರಡು ಜಾತಿಯ ಹಕ್ಕಿಗಳೊಂದಿಗೆ ಮಾಡಿದ ಕೆಲಸ.

ಅದೇ ವರ್ಷ ಆಸ್ಟ್ರೇಲಿಯಾದಿಂದ ಬಂದ ಇನ್ನೊಂದು ಕೆಲಸ ಹೊರಗಿನ ಬಯಲಿಗೆ ಸಂಬಂಧಿಸಿದ್ದು. ಇದರ ಹಿನ್ನೆಲೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಕ್ವೀನ್ಸ್‌ಲ್ಯಾಂಡಿನ ಕಬ್ಬಿನ ಗದ್ದೆಗಳಿಗೆ ದುಂಬಿಯ ಕಾಟ ಹೆಚ್ಚಾಗಿ, ಅದನ್ನು ತಿನ್ನಲೆಂದು 1935ರಲ್ಲಿ ಹವಾಯಿ ದ್ವೀಪಗಳಿಂದ ಕೇನ್ ಟೋಡ್ ಎಂಬ ದೊಡ್ಡ ನೆಲಗಪ್ಪೆಗಳನ್ನು ತಂದು ಬಿಟ್ಟರು. ಕಪ್ಪೆ ದುಂಬಿಯ ಕಾಟವನ್ನು ನೀಗಿಸಲಿಲ್ಲ. ತಾನೇ ಒಂದು ಕಾಟವಾಯಿತು. ಅದರ ಮೈಯ ವಿಷಕ್ಕೆ ಅದನ್ನು ತಿನ್ನಹೋದ ಉಡಗಳೂ ಅಲ್ಲಿನ ಇತರ ಬೇಟೆಪ್ರಾಣಿಗಳೂ ಸಾಯತೊಡಗಿದವು. ವರ್ಷವರ್ಷವೂ ಅದು ಪಶ್ಚಿಮಕ್ಕೆ ಹರಡುತ್ತ ಉತ್ತರ ಪ್ರಾಂತ್ಯದ ಕಡೆಗೆ ನಡೆಯಿತು. ಅದು ಬಂದ ಮೇಲೆ ಅಲ್ಲಿನ ಸ್ಥಳೀಯ ಕಪ್ಪೆಗಳ ಗತಿ ಏನಾಗುತ್ತದೆ? ತಿಳಿಯಬೇಕಾದರೆ ಅದು ಬರುವ ಮೊದಲೂ ಬಂದ ನಂತರವೂ ಕಪ್ಪೆಗಳನ್ನು ಎಣಿಸಬೇಕು. ಆ ಕಪ್ಪೆಗಳು ಕೂಗುವುದು ಮಳೆಗಾಲದ ರಾತ್ರಿಗಳಲ್ಲಿ. ಆಗ ಅಲ್ಲಿನ ರಸ್ತೆಗಳೆಲ್ಲ ನೀರಿನಲ್ಲಿ ಮುಳುಗಿರುತ್ತವೆ, ಮನುಷ್ಯರು ಹೋಗುವಂತಿಲ್ಲ.

ಮನುಷ್ಯ ಹೋಗಲಾರದ ಕಡೆ ಯಂತ್ರವನ್ನು ಬಿಟ್ಟುಬರುವ ಆಲೋಚನೆ ಹುಟ್ಟಿದ್ದು ಇಲ್ಲಿ. ಆಂಡ್ರ್ಯೂ ಟೇಲರ್, ಗಾರ್ಡನ್ ಗ್ರಿಗ್ ಮತ್ತು ಸಂಗಡಿಗರು ಉತ್ತರ ಆಸ್ಟ್ರೇಲಿಯಾದ 22 ಜಾತಿಯ ಕಪ್ಪೆಗಳ ಕೂಗನ್ನು ಗುರುತಿಸುವ ಕ್ರಮವೊಂದನ್ನು 1996ರಲ್ಲಿ ಪ್ರಕಟಿಸಿದರು. ಯಂತ್ರ ಮೊದಲು ಧ್ವನಿಚಿತ್ರ ಬರೆಯುತ್ತದೆ. ಅದರಲ್ಲಿ ಮಸಿ ಹೆಚ್ಚು ಕಪ್ಪಾಗಿರುವ ‘ಶಿಖರ’ಗಳನ್ನು ಹುಡುಕುತ್ತದೆ. ನಂತರ ಒಂದೊಂದು ಶಿಖರವನ್ನೂ ಸಾಲು ಪ್ರಶ್ನೆಗಳಿಗೆ ಒಳಪಡಿಸುತ್ತದೆ: ಆವೃತ್ತಿ ಇಷ್ಟಕ್ಕಿಂತ ಹೆಚ್ಚೆ? ಹೌದಾದರೆ ಈ ಕವಲು, ಅಲ್ಲವಾದರೆ ಆ ಕವಲು. ಹೀಗೆ ಕವಲೊಡೆಯುತ್ತ ಹೋಗುವ ಕ್ರಮಕ್ಕೆ ‘ನಿರ್ಧಾರ ವೃಕ್ಷ’ ಎಂದು ಹೆಸರು. ಪ್ರತಿಯೊಂದು ಕೊಂಬೆಯ ತುದಿಯಲ್ಲೂ ಒಂದು ಕಪ್ಪೆಯ ಹೆಸರು. ಇಲ್ಲಿ ಮುಖ್ಯವಾದ ಮಾತು ಇದು: ಪ್ರಶ್ನೆಗಳನ್ನು ಸಂಶೋಧಕರು ಬರೆದುಕೊಡಲಿಲ್ಲ. ಹೆಸರು ಬರೆದಿಟ್ಟ ನೂರಾರು ಉದಾಹರಣೆಗಳನ್ನು ಕೊಟ್ಟು, ಯಾವ ಪ್ರಶ್ನೆ ಕೇಳಿದರೆ ಕಪ್ಪೆಗಳು ಬೇರೆಯಾಗುತ್ತವೆ ಎಂಬುದನ್ನು ಯಂತ್ರವೇ ಕಂಡುಕೊಳ್ಳುವಂತೆ ಬಿಟ್ಟರು. ಯಂತ್ರ ಕಲಿಯಿತು. ಆದರೆ ಉದಾಹರಣೆಗಳ ಮೇಲೆ ಹೆಸರು ಬರೆದವರು ಕೆಸರಿನಲ್ಲಿ ಇಳಿದು, ಟಾರ್ಚು ಹಿಡಿದು, ಕೂಗುವ ಕಪ್ಪೆಯನ್ನು ಕಣ್ಣಾರೆ ಕಂಡಿದ್ದ ಮನುಷ್ಯರು.

ಚಿತ್ರ ಓದುವ ಜಾಲ

ಮುಂದಿನ ಇಪ್ಪತ್ತು ವರ್ಷಗಳಲ್ಲಿ ಮೂರು ಬದಲಾವಣೆಗಳು ಒಟ್ಟಿಗೆ ಬಂದವು.

ಮೊದಲನೆಯದು ಉದಾಹರಣೆಗಳ ರಾಶಿ. ಬಾಬ್ ಪ್ಲಾಂಕೆ ಮತ್ತು ವಿಲ್ಲೆಮ್-ಪಿಯರ್ ವೆಲಿಂಗಾ ಎಂಬ ಇಬ್ಬರು ಡಚ್ಚರು 2005ರಲ್ಲಿ ‘ಝೀನೊ-ಕ್ಯಾಂಟೊ’ ಎಂಬ ಧ್ವನಿ ಭಂಡಾರವನ್ನು ತೆರೆದರು. ಲೋಕದ ಯಾವ ಮೂಲೆಯ ಹವ್ಯಾಸಿಯಾದರೂ ತಾನು ಮುದ್ರಿಸಿದ ಹಕ್ಕಿಯ ದನಿಯನ್ನು ಹೆಸರು, ಸ್ಥಳ, ದಿನಾಂಕದೊಂದಿಗೆ ಅಲ್ಲಿ ಸೇರಿಸಬಹುದು; ತಪ್ಪಿದ್ದರೆ ಬಲ್ಲವರು ತಿದ್ದಬಹುದು. ಎರಡನೆಯದು ಅಗ್ಗದ ಧ್ವನಿಮುದ್ರಕ. ಹೇಸರಗತ್ತೆಯ ಗಾಡಿ ಬೇಕಾಗಿದ್ದ ಯಂತ್ರ ಅಂಗೈಯಲ್ಲಿ ಹಿಡಿಯುವಷ್ಟಾಯಿತು. ಮರಕ್ಕೆ ಕಟ್ಟಿ ಬಂದರೆ ವಾರಗಟ್ಟಲೆ ತಾನೇ ಕೆಲಸ ಮಾಡುತ್ತದೆ.

ಮೂರನೆಯದು ‘ನರಜಾಲ’. ಮಿದುಳಿನ ಜೀವಕೋಶಗಳ ಜೋಡಣೆಯಿಂದ ಪ್ರೇರಿತವಾದ ಈ ಗಣಿತ ಹಳೆಯದೇ. ಆದರೆ 2012ರಲ್ಲಿ ಹಲವು ಪದರಗಳ ನರಜಾಲವೊಂದು ಛಾಯಾಚಿತ್ರಗಳಲ್ಲಿರುವ ವಸ್ತುಗಳನ್ನು ಗುರುತಿಸುವ ಸ್ಪರ್ಧೆಯಲ್ಲಿ ಉಳಿದೆಲ್ಲವನ್ನೂ ಬಹಳ ಹಿಂದೆ ಹಾಕಿತು. ಹಕ್ಕಿಯ ದನಿಯ ಸಂಶೋಧಕರಿಗೆ ಇದು ಸೂಚನೆಯಾಯಿತು. ಧ್ವನಿಚಿತ್ರವೂ ಚಿತ್ರವೇ ಅಲ್ಲವೆ? ಬೆಕ್ಕು ನಾಯಿಗಳನ್ನು ಗುರುತಿಸುವ ಜಾಲಕ್ಕೆ ಧ್ವನಿಚಿತ್ರಗಳನ್ನೇ ತೋರಿಸಿದರೆ? 2016ರ ಹೊತ್ತಿಗೆ ಹಕ್ಕಿದನಿ ಗುರುತಿಸುವ ಅಂತರರಾಷ್ಟ್ರೀಯ ಸ್ಪರ್ಧೆಯನ್ನು ಇಂತಹ ಜಾಲವೇ ಗೆದ್ದಿತು. ಮೊದಲ ಪದರ ಸಣ್ಣ ಗೆರೆಗಳನ್ನು ಗಮನಿಸುತ್ತದೆ. ಮುಂದಿನದು ಗೆರೆಗಳು ಸೇರಿದ ಆಕಾರಗಳನ್ನು. ಕೊನೆಯದು ಒಟ್ಟು ವಿನ್ಯಾಸವನ್ನು. ಯಾವುದನ್ನು ಗಮನಿಸಬೇಕು ಎಂಬುದನ್ನು ಸಾವಿರಾರು ಉದಾಹರಣೆಗಳಲ್ಲಿ ತಪ್ಪು ಮಾಡಿ, ತಿದ್ದಿಸಿಕೊಂಡು ಕಲಿಯುತ್ತದೆ.

ಕಾರ್ನೆಲ್ ಮತ್ತು ಜರ್ಮನಿಯ ಕೆಮ್ನಿಟ್ಸ್ ತಾಂತ್ರಿಕ ವಿಶ್ವವಿದ್ಯಾನಿಲಯದ ಸಂಶೋಧಕರು ಸೇರಿ ರೂಪಿಸಿದ ‘ಬರ್ಡ್‌ನೆಟ್’ ಬಗ್ಗೆ 2021ರಲ್ಲಿ ವರದಿ ಬಂದಾಗ ಅದು ಉತ್ತರ ಅಮೆರಿಕಾ ಮತ್ತು ಯೂರೋಪಿನ 984 ಜಾತಿಗಳನ್ನು ಬಲ್ಲದಾಗಿತ್ತು. ಮುದ್ರಣವನ್ನು ಮೂರು ಮೂರು ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿಗೂ ಹೆಸರನ್ನೂ ಒಂದು ಅಂಕವನ್ನೂ ಕೊಡುತ್ತದೆ. ಅದೇ ವರ್ಷ ಕಾರ್ನೆಲ್‌ನ ‘ಮರ್ಲಿನ್’ ಮೊಬೈಲ್ ಫೋನಿನಲ್ಲೇ ದನಿ ಗುರುತಿಸುವ ಸೌಲಭ್ಯ ತಂದಿತು. ಇಂದು ನಿಮ್ಮ ತಾರಸಿಯ ಮೇಲೆ ನಿಂತು ಫೋನು ಹಿಡಿದರೆ, ಹಾಡುತ್ತಿರುವ ಹಕ್ಕಿಯ ಹೆಸರು ಪರದೆಯ ಮೇಲೆ ಮೂಡಬಹುದು.

ಪಶ್ಚಿಮ ಘಟ್ಟದ ಪರೀಕ್ಷೆ

ಹಾಗಾದರೆ ಸಮಸ್ಯೆ ಬಗೆಹರಿಯಿತೆ? 2024ರ ಅಂತರರಾಷ್ಟ್ರೀಯ ಹಕ್ಕಿದನಿ ಸ್ಪರ್ಧೆಗೆ ಆರಿಸಿದ್ದು ನಮ್ಮ ಪಶ್ಚಿಮ ಘಟ್ಟವನ್ನು. 182 ಜಾತಿಗಳ ಹಕ್ಕಿಗಳನ್ನು ಯಂತ್ರಗಳು ಗುರುತಿಸಬೇಕಿತ್ತು. ಕಲಿಯಲು ಕೊಟ್ಟದ್ದು ಹವ್ಯಾಸಿಗಳು ಮುದ್ರಿಸಿದ ದನಿಗಳು. ಅವು ಒಂದು ಹಕ್ಕಿಗೇ ಮೈಕನ್ನು ಗುರಿಯಿಟ್ಟು ಹಿಡಿದವು. ಪರೀಕ್ಷೆಗೆ ಕೊಟ್ಟದ್ದು ಕಾಡಿನಲ್ಲಿ ಇಟ್ಟುಬಂದ ಮುದ್ರಕಗಳ ಧ್ವನಿ. ಅದರಲ್ಲಿ ಹಕ್ಕಿಗಳು ಒಂದರ ಮೇಲೊಂದು ಹಾಡುತ್ತವೆ. ಕೀಟಗಳ ಜೀರು ದನಿ ಎಲ್ಲವನ್ನೂ ಮುಚ್ಚುತ್ತದೆ. ಮಳೆ ಎಲೆಗಳ ಮೇಲೆ ಬಡಿಯುತ್ತದೆ. ಶ್ರುತಿಪೆಟ್ಟಿಗೆಯ ಮುಂದೆ ಒಬ್ಬರೇ ಕುಳಿತು ಹಾಡಿದ್ದನ್ನು ಕೇಳಿ ಕಲಿತವನನ್ನು ಜಾತ್ರೆಯ ನಡುವೆ ನಿಲ್ಲಿಸಿ ರಾಗ ಹೇಳು ಎಂದಂತೆ.

ಘಟ್ಟದಲ್ಲಿ ಇನ್ನೂ ಒಂದು ಕಷ್ಟವಿದೆ. ಭೀಮರಾಜ ಹಕ್ಕಿಯನ್ನು ನೀವು ನೋಡಿರಬಹುದು; ಬಾಲದಲ್ಲಿ ಎರಡು ಉದ್ದ ತಂತಿ, ತುದಿಯಲ್ಲಿ ಚಪ್ಪಟೆ ಗರಿ. ಅದು ಇತರ ಹಕ್ಕಿಗಳ ಕೂಗನ್ನು ಯಥಾವತ್ತಾಗಿ ಅಣಕಿಸುತ್ತದೆ. ಯಂತ್ರ ಗಿಡುಗ ಎಂದು ಬರೆದುಕೊಂಡಾಗ ಕೂಗಿದ್ದು ಭೀಮರಾಜನಿರಬಹುದು.

ಸ್ಪರ್ಧೆಯಲ್ಲಿ ಯಂತ್ರಗಳಿಗೆ ಅಂಕ ಕೊಟ್ಟದ್ದು ಹೇಗೆ? ಹಕ್ಕಿಯ ದನಿ ಬಲ್ಲವರು ಕುಳಿತು ಆ ಕಾಡಿನ ಮುದ್ರಣಗಳನ್ನು ಕೇಳಿ, ಎಲ್ಲಿ ಯಾವ ಹಕ್ಕಿ ಎಂದು ಮೊದಲೇ ಗುರುತು ಹಾಕಿದ್ದರು. ಅಂತರರಾಷ್ಟ್ರೀಯ ಸ್ಪರ್ಧೆಯ ಉತ್ತರ ಪತ್ರಿಕೆಯೂ ಮನುಷ್ಯರ ಕಿವಿಯಿಂದಲೇ ಬಂದದ್ದು.

ನಮ್ಮ ನಾಡಿನಲ್ಲಿಯೇ ಇಂತಹ ಕಿವಿಯ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಬಾಲಕೃಷ್ಣನ್ ಮತ್ತು ಅವರ ವಿದ್ಯಾರ್ಥಿಗಳು ಕುದುರೆಮುಖ ರಾಷ್ಟ್ರೀಯ ಉದ್ಯಾನದ ನಿತ್ಯಹಸಿರು ಕಾಡಿನಲ್ಲಿ ರಾತ್ರಿ ಕೂಗುವ ಚಿಮ್ಮಂಡೆ ಮತ್ತು ಮಿಡತೆಯ ಬಳಗದ ಕೀಟಗಳನ್ನು ಅಧ್ಯಯನ ಮಾಡಿದರು. ನಮಗೆ ನಿಮಗೆ ಒಂದೇ ‘ಜೀ’ ಎಂದು ಕೇಳುವ ಸದ್ದಿನಲ್ಲಿ ಯಾವ ಜಾತಿ ಯಾವ ಹೊತ್ತಿನಲ್ಲಿ ಕೂಗುತ್ತದೆ ಎಂದು ಬಿಡಿಸಿದರು. ತರಬೇತಿ ಪಡೆದ ಮನುಷ್ಯನ ಕಿವಿ ಈ ಕೀಟಗಳ ಗಣತಿಗೆ ಎಷ್ಟು ನಂಬಲರ್ಹ ಎಂಬುದನ್ನೇ ಪರೀಕ್ಷೆಗೆ ಒಡ್ಡಿ, 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಿವಿಯನ್ನೂ ಒಂದು ಉಪಕರಣದಂತೆ ಅಳೆದು ನೋಡಿದ ಪ್ರಯೋಗವಿದು.

ಉತ್ತರ ಕನ್ನಡ ಜಿಲ್ಲೆಯ ಹಳ್ಳಗಳಲ್ಲಿ ಒಂದು ಪುಟ್ಟ ಕಪ್ಪೆ ಇದೆ. ಗಂಡು ಕಪ್ಪೆ ಮೊಟ್ಟೆಗಳ ಮೇಲೆ ಕೈಯಿಂದ ಮಣ್ಣು ಮೆತ್ತಿ ಕಾಪಾಡುತ್ತದೆ. ವಿಜ್ಞಾನಿಗಳು 2014ರಲ್ಲಿ ಅದನ್ನು ಹೊಸ ಪ್ರಭೇದವೆಂದು ವರ್ಣಿಸಿ, ನಮ್ಮ ಭಾಷೆಯ ‘ಕುಂಬಾರ’ ಎಂಬ ಪದವನ್ನೇ ಅದರ ಶಾಸ್ತ್ರೀಯ ಹೆಸರಿಗೆ ಸೇರಿಸಿದರು. ಯೋಚಿಸಿ: 2013ರಲ್ಲಿ ಆ ಹಳ್ಳದ ದಡದಲ್ಲಿ ಅತ್ಯುತ್ತಮ ಯಂತ್ರವನ್ನು ಇಟ್ಟಿದ್ದರೂ ಅದು ಆ ದನಿಗೆ ಸರಿಯಾದ ಹೆಸರನ್ನು ಹೇಳಲು ಸಾಧ್ಯವಿರಲಿಲ್ಲ. ಹೆಸರೇ ಹುಟ್ಟಿರಲಿಲ್ಲ. ಗೊತ್ತಿರುವ ಬೇರೆ ಯಾವುದೋ ಕಪ್ಪೆಯ ಹೆಸರನ್ನು ಹೇಳಿ ಮುಂದೆ ಹೋಗುತ್ತಿತ್ತು.

ಒಂದು ಲೆಕ್ಕ, ಒಂದು ಪಾಠ

ಈಗ ಒಂದು ಲೆಕ್ಕ ಮಾಡೋಣ. ಪೆನ್ಸಿಲು ತೆಗೆದುಕೊಳ್ಳಿ. ಮುದ್ರಕವೊಂದು ಮೂವತ್ತು ದಿನ ಹಗಲು ರಾತ್ರಿ ಕೆಲಸ ಮಾಡಿದರೆ 720 ಗಂಟೆ. ಮೂರು ಸೆಕೆಂಡಿನ ತುಂಡುಗಳಾಗಿ ಕತ್ತರಿಸಿದರೆ 8,64,000 ತುಂಡು. ಒಂದು ಅಪರೂಪದ ಹಕ್ಕಿಯನ್ನು ಹುಡುಕುತ್ತಿದ್ದೇವೆ ಎನ್ನಿ. ಅದು ಆ ತಿಂಗಳಲ್ಲಿ ನಿಜವಾಗಿ 50 ತುಂಡುಗಳಲ್ಲಿ ಕೂಗಿದೆ. ಯಂತ್ರ ಅಷ್ಟನ್ನೂ ಹಿಡಿಯುತ್ತದೆ. ಹಕ್ಕಿ ಇಲ್ಲದ ತುಂಡುಗಳಲ್ಲಿ ಸಾವಿರಕ್ಕೆ ಒಂದರಲ್ಲಿ ಮಾತ್ರ ತಪ್ಪಾಗಿ ‘ಇದೆ’ ಎನ್ನುತ್ತದೆ. ಬಹಳ ಒಳ್ಳೆಯ ಯಂತ್ರ ಎನಿಸುತ್ತದೆ ಅಲ್ಲವೆ? ಆದರೆ ತಪ್ಪು ಉತ್ತರಗಳು ಸುಮಾರು 864 ಆಗುತ್ತವೆ. ಯಂತ್ರ ‘ಇದೆ’ ಎಂದ 914 ಕಡೆಗಳಲ್ಲಿ ನಿಜವಾದದ್ದು ಕೇವಲ 50. ಹುಡುಕುವ ವಸ್ತು ವಿರಳವಾದಷ್ಟೂ ತಪ್ಪು ಸಾಕ್ಷಿಗಳ ನಡುವೆ ನಿಜ ಸಾಕ್ಷಿ ಮುಳುಗಿಹೋಗುತ್ತದೆ.

ಇದು ಬರಿಯ ಲೆಕ್ಕವಲ್ಲ. 1935ರ ಮರಕುಟಿಗವನ್ನು ನೆನಪಿನಲ್ಲಿಡಿ ಎಂದಿದ್ದೆ. ಆ ಕಾಡನ್ನು 1940ರ ದಶಕದಲ್ಲಿ ಮರಕ್ಕಾಗಿ ಕಡಿದರು, ಹಕ್ಕಿ ಕಾಣದಾಯಿತು. 2004ರಲ್ಲಿ ಅರ್ಕಾನ್ಸಾ ರಾಜ್ಯದ ಜೌಗು ಕಾಡಿನಲ್ಲಿ ಅದನ್ನು ಕಂಡೆವೆಂದು ಕೆಲವರು ಹೇಳಿದರು. ಮರುವರ್ಷ ವಿಜ್ಞಾನ ಪತ್ರಿಕೆಯಲ್ಲಿ ಸುದ್ದಿ ಪ್ರಕಟವಾಯಿತು. ಕಾಡಿನ ತುಂಬ ಧ್ವನಿಮುದ್ರಕಗಳನ್ನು ಇಟ್ಟು ಸಾವಿರಾರು ಗಂಟೆಗಳ ಸದ್ದನ್ನು ಗಣಕಯಂತ್ರಗಳಿಂದ ಜಾಲಾಡಿಸಿದರು. ಹೋಲಿಸಲು ಇದ್ದ ನಿಸ್ಸಂಶಯವಾದ ಅಚ್ಚು ಹೇಸರಗತ್ತೆಯ ಗಾಡಿಯಲ್ಲಿ ಹೋಗಿ ತಂದ ಆ 1935ರ ಮುದ್ರಣ. ಯಂತ್ರಗಳು ತುತ್ತೂರಿಯಂತಹ ದನಿಗಳನ್ನು, ಮರಕ್ಕೆ ಎರಡು ಸಲ ಕುಟ್ಟಿದಂತಹ ಸದ್ದುಗಳನ್ನು ಹೆಕ್ಕಿಕೊಟ್ಟವು. ಆದರೆ ಬ್ಲೂ ಜೇ ಎಂಬ ಹಕ್ಕಿಯೂ ಅಂತಹ ದನಿ ಮಾಡುತ್ತದೆ. ಕುಟ್ಟುವ ಸದ್ದಿಗೂ ಬೇರೆ ಕಾರಣಗಳಿರಬಹುದು. ಎಲ್ಲರೂ ಒಪ್ಪುವ ಒಂದು ಛಾಯಾಚಿತ್ರ ಸಿಗಲಿಲ್ಲ. ಯಂತ್ರ ‘ಇರಬಹುದು’ ಎಂದಿತು. ‘ಇದೆ’ ಎನ್ನಲು ಕಣ್ಣು ಬೇಕಿತ್ತು.

ಉತ್ತರ ಪೆಸಿಫಿಕ್ ಸಾಗರದಲ್ಲಿ ಇದಕ್ಕೆ ವಿರುದ್ಧವಾದ ಪ್ರಸಂಗ. ಶತ್ರು ಜಲಾಂತರ್ಗಾಮಿಗಳನ್ನು ಆಲಿಸಲು ಅಮೆರಿಕಾದ ನೌಕಾಪಡೆ ಸಮುದ್ರದ ತಳದಲ್ಲಿ ಮೈಕುಗಳನ್ನು ಹಾಕಿತ್ತು. 1989ರಲ್ಲಿ ಅವುಗಳಲ್ಲಿ ಸುಮಾರು 52 ಹರ್ಟ್ಸ್ ಆವೃತ್ತಿಯ ಒಂದು ತಿಮಿಂಗಿಲದ ಕೂಗು ಕೇಳಿಬಂತು. ನೀಲಿ ತಿಮಿಂಗಿಲದ ಕೂಗಿಗಿಂತ ಅದು ಎಷ್ಟೋ ಏರು ದನಿ. ವಿಲಿಯಂ ವಾಟ್ಕಿನ್ಸ್ ಮತ್ತು ಸಂಗಡಿಗರು ಹನ್ನೆರಡು ವರ್ಷ ಅದನ್ನು ದನಿಯಿಂದಲೇ ಹಿಂಬಾಲಿಸಿ 2004ರಲ್ಲಿ ವರದಿ ಬರೆದರು. ಅದರ ದಾರಿಯ ನಕ್ಷೆ ಇದೆ, ಆದರೆ ಅದು ಯಾವ ಜಾತಿಯದೆಂದು ಆ ವರದಿ ಖಚಿತವಾಗಿ ಹೇಳಲಾಗಲಿಲ್ಲ. ದನಿಯ ಒಡೆಯನನ್ನು ಯಾರೂ ನೋಡಿರಲಿಲ್ಲ. ಅರ್ಕಾನ್ಸಾದಲ್ಲಿ ಹೆಸರಿತ್ತು, ದನಿ ಸಂಶಯ. ಇಲ್ಲಿ ದನಿ ಖಚಿತ, ಹೆಸರಿಲ್ಲ.

ನಿಮ್ಮ ಪಾಲಿನ ಕೆಲಸ

ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಈಗ ಉತ್ತರ ನಿಮಗೇ ತಿಳಿದಿರಬೇಕು. ಯಂತ್ರ ಹೇಳುವ ಪ್ರತಿಯೊಂದು ಹೆಸರಿನ ಹಿಂದೆಯೂ, ಎಂದೋ ಎಲ್ಲೋ ನಿಂತು ಕೇಳಿ, ನೋಡಿ, ಬರೆದಿಟ್ಟ ಒಬ್ಬ ಮನುಷ್ಯನಿದ್ದಾನೆ. ಯಂತ್ರ ಅವನ ನೆನಪನ್ನು ಬೇಸರವಿಲ್ಲದೆ ಲಕ್ಷ ಬಾರಿ ಬಳಸುತ್ತದೆ. ಅದು ಸಣ್ಣ ಉಪಕಾರವಲ್ಲ. ಆಸ್ಟ್ರೇಲಿಯಾದ ಮಳೆಗಾಲದ ರಾತ್ರಿಯಲ್ಲಿ ಮನುಷ್ಯ ಮಾಡಲಾರದ್ದನ್ನು ಅದು ಮಾಡುತ್ತದೆ. ಆದರೆ ನಾವು ಕೇಳುವುದನ್ನು ನಿಲ್ಲಿಸಿದರೆ ಅದರ ಪಟ್ಟಿಯೂ ಅಲ್ಲಿಗೇ ನಿಲ್ಲುತ್ತದೆ.

ಕೆಲವು ದನಿಗಳಿಗೆ ಕಾಲ ಹೆಚ್ಚಿಲ್ಲ. ಹವಾಯಿಯ ಕವಾಯಿ ದ್ವೀಪದಲ್ಲಿ ‘ಓಓ’ ಎಂಬ ಕಪ್ಪು ಹಕ್ಕಿಯ ಕೊಳಲಿನಂತಹ ದನಿ ಕೊನೆಯದಾಗಿ ಕೇಳಿಬಂದದ್ದು 1987ರಲ್ಲಿ. ಗಂಡೂ ಹೆಣ್ಣೂ ಸೇರಿ ಹಾಡುವ ಜಾತಿಯದು. ಕೊನೆಗೆ ಉಳಿದ ಗಂಡಿಗೆ ಮರುದನಿ ಕೊಡುವವರು ಯಾರೂ ಇರಲಿಲ್ಲ. 2023ರಲ್ಲಿ ಅಮೆರಿಕಾ ಸರ್ಕಾರ ಅದನ್ನು ಅಳಿದುಹೋದ ಜೀವಿಗಳ ಸಾಲಿಗೆ ಸೇರಿಸಿತು. ಮುದ್ರಣ ಉಳಿದಿದೆ. ಇಂದಿನ ಯಂತ್ರಕ್ಕೆ ಅದನ್ನು ಕಲಿಸಿದರೆ ಕ್ಷಣದಲ್ಲಿ ಗುರುತಿಸೀತು. ಗುರುತಿಸಲು ಹಕ್ಕಿ ಇಲ್ಲ.

ಆದ್ದರಿಂದ ನಾಳೆ ಬೆಳಿಗ್ಗೆ ಬೆಳಕು ಹರಿಯುವ ಮುನ್ನ ಎದ್ದು ಹತ್ತು ನಿಮಿಷ ಸುಮ್ಮನೆ ಹೊರಗೆ ಕುಳಿತುಕೊಳ್ಳಿ. ಎಷ್ಟು ಬಗೆಯ ದನಿ ಕೇಳಿತು, ಬರೆದಿಡಿ. ಫೋನಿದ್ದರೆ ಮುದ್ರಿಸಿ, ಮುದ್ರಣದ ಕೊನೆಯಲ್ಲಿ ಸ್ಥಳ, ದಿನಾಂಕ, ಸಮಯವನ್ನು ನಿಮ್ಮದೇ ದನಿಯಲ್ಲಿ ಹೇಳಿ. ಯಂತ್ರ ಹೆಸರು ಹೇಳಿದರೆ ಅದನ್ನು ಉತ್ತರವೆಂದು ತಿಳಿಯಬೇಡಿ, ಸೂಚನೆಯೆಂದು ತಿಳಿಯಿರಿ. ಎದ್ದುಹೋಗಿ ಹಕ್ಕಿಯನ್ನು ನೋಡಿ. ಊರಿನ ಹಿರಿಯರು ಅದಕ್ಕೆ ಏನೆಂದು ಕರೆಯುತ್ತಾರೆ ಎಂದು ಕೇಳಿ, ಅದನ್ನೂ ಬರೆಯಿರಿ.

ಆ ಶಿಕ್ಷಕಿಯ ಕಾರ್ಡನ್ನು ನಾನು ಸಂಕಲನದ ಕೊಠಡಿಯ ಗೋಡೆಗೆ ಅಂಟಿಸಿದ್ದೇನೆ. ಈಗ ಯಾವ ದೃಶ್ಯಕ್ಕೂ ಹಕ್ಕಿಯ ದನಿ ಸೇರಿಸುವ ಮೊದಲು, ಅದು ಯಾವ ಊರಿನದು, ಯಾವ ತಿಂಗಳಿನದು ಎಂದು ಕೇಳಿಯೇ ಮುಂದುವರಿಯುತ್ತೇವೆ.